ಎರಡು ಮೋಟರು, ಒಂದು ಸಂಪು, ಒಂದು ಸೌಟು

ಹಾಲಿನವನು ಬಾಗಿಲಿಗೆ ಪ್ಯಾಕೆಟ್ಟು ತೂಗುಹಾಕಿ ಹೋದ ಮೇಲೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿಯುತ್ತೇನೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲ ಮುಂದೆ ನಾಲ್ಕೆಳೆ ರಂಗೋಲಿ. ಆ ಹೊತ್ತಿಗೆ ಸರಿಯಾಗಿ ನಮ್ಮ ಅಡುಗೆಮನೆಯ ನೆತ್ತಿಯ ಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಮೊದಲು ನಿಧಾನ, ಹಿಟ್ಟು ಅಗಲವಾದಂತೆ ಚುರುಕು, ಆಮೇಲೆ ಒಂದು ಗಳಿಗೆ ಮೌನ. ರೊಟ್ಟಿ ಹೆಂಚಿಗೆ ಬಿತ್ತು ಎಂದು ಅರ್ಥ. ಮೇಲಿನ ಮನೆಯ ಅಕ್ಕ ದಿನಕ್ಕೆ ಐದಾರು ರೊಟ್ಟಿಗಿಂತ ಹೆಚ್ಚು ಬಡಿದವರಲ್ಲ. ಆ ದಿನ ಮಾತ್ರ ನಾನು ಕಾಫಿ ಕುಡಿದು, ಕುಕ್ಕರ್ ಇಟ್ಟು, ಮಕ್ಕಳ ಡಬ್ಬಿ ಕಟ್ಟಿದರೂ ಸದ್ದು ನಿಲ್ಲಲಿಲ್ಲ.

ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಅವರು ಮೆಟ್ಟಿಲಿಳಿದು ಬಂದರು. ಒಂದು ಕೈಯಲ್ಲಿ ರೊಟ್ಟಿ ಕಟ್ಟಿದ ದೊಡ್ಡ ಬಟ್ಟೆಗಂಟು, ಇನ್ನೊಂದರಲ್ಲಿ ಮೊಳದುದ್ದದ ಮರದ ಸೌಟು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಇವತ್ತ ಮೋಟರ್ ಹಾಕೂದು ನನ್ನ ಪಾಳಿ. ಆದ್ರ ನಾ ಬರೂದು ಎಷ್ಟೊತ್ತಾಗ್ತೈತೋ ಗೊತ್ತಿಲ್ಲ ತಂಗಿ. ಸೌಟು ನೀ ಇಟ್ಕೋ" ಎಂದರು.

"ಇವತ್ತೇನಾ ಅಕ್ಕ?"

"ಇವತ್ತ. ಹನ್ನೊಂದಕ್ಕ ಆಸ್ಪತ್ರ್ಯಾಗ ನಾನ ಕೈಯಾರೆ ಸರ್ವರಿನ ಕರೆಂಟ್ ಕೀಳ್ತೀನಿ. ಎರಡನೇದು ಎದ್ದು ನಿಂತ್ರ ಗೆದ್ವಿ. ನಿಲ್ಲಲಿಲ್ಲ ಅಂದ್ರ..." ಎಂದು ಗಂಟನ್ನು ಕಂಕುಳಿಗೆ ಸರಿಸಿಕೊಂಡರು. "ಮಂದಿ ಮತ್ತ ಸೂಜಿಗೆ ಕೈ ಚಾಚಬೇಕಾಗ್ತೈತಿ."

ಗಂಟಿನಲ್ಲಿ ಆಫೀಸಿನ ಹುಡುಗ ಹುಡುಗಿಯರಿಗೆಲ್ಲ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇತ್ತು. ಗೆದ್ದರೂ ಸೋತರೂ ಮಧ್ಯಾಹ್ನಕ್ಕೆ ಹಸಿವಾಗುತ್ತದೆ ಎಂಬುದು ಅವರ ಲೆಕ್ಕ.

ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ. ಅಕ್ಕ ನಿವೃತ್ತರಾಗಿ ಕೆಂಗೇರಿ ಉಪನಗರದಲ್ಲಿ ಒಡಹುಟ್ಟಿದ ತಂಗಿಯ ಮನೆಯ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾರೆ. ಹೊಸದಾಗಿ ಬಂದವರ ಸೊಸೆ, ಪಾಪ, ಮೊದಲ ವಾರವೇ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿ, "ಆಂಟಿ, ಇದನ್ನ ಮನೆಯಿಂದ ಮನೆಗೆ ಯಾಕೆ ಕೊಡ್ತೀರಾ? ಏನಾದ್ರೂ ವ್ರತಾನಾ?" ಎಂದು ಕೇಳಿದಳು. ವ್ರತವೆಂದರೂ ತಪ್ಪಲ್ಲವೇನೋ. ಅವಳಿಗೆ ನಿಂತ ಕಾಲಲ್ಲಿ ಹೇಳಿ ಮುಗಿಸಲಾಗಲಿಲ್ಲ, ಅದಕ್ಕೇ ಬರೆಯಲು ಕೂತೆ.

ಅಕ್ಕ ದಾವಣಗೆರೆ ಕಡೆಯವರು. ವಿಜಯನಗರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ದೊಡ್ಡವರು. ಬಸವೇಶ್ವರನಗರದ ನಮ್ಮ ಕಟ್ಟಡದ ಎರಡನೇ ಮಹಡಿಗೆ ಅವರು ಬಂದಾಗ ನನ್ನ ದೊಡ್ಡ ಮಗಳಿಗಿನ್ನೂ ಹಾಲುಹಲ್ಲು. ಅಕ್ಕನಿಗೆ ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿದರೆ "ಸಿಸ್ಟಮ್ ಡೌನ್ ಇತ್ರಿ ಆಗ, ಪುರುಸೊತ್ತಾಗಲಿಲ್ಲ" ಎಂದು ನಗುತ್ತಿದ್ದರು. ಯಾವ ಗಂಭೀರ ಮಾತಿಗೂ ಮುಂಚೆ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸುವುದು ಅವರ ಅಭ್ಯಾಸ. ಅದು ಕಂಡರೆ ನಾನು ಒಲೆ ಸಣ್ಣಗೆ ಮಾಡಿ ಬಂದು ಕೂರುತ್ತಿದ್ದೆ.

ಹಾಗೆ ಕನ್ನಡಕ ಒರೆಸಿಕೊಂಡು ಅವರು ಆ ಮಗುವಿನ ವಿಷಯ ಹೇಳಿದ್ದು. ಆಗ ಆಸ್ಪತ್ರೆಯ ಇಡೀ ದಾಖಲೆ, ಎಂದರೆ ಯಾರ ರಕ್ತ ಯಾವ ಗುಂಪು, ಯಾವ ಟ್ಯೂಬು ಯಾರದು ಎಲ್ಲವೂ ಒಂದೇ ಹಳೆಯ ಡಿಸ್ಕಿನ ಪೆಟ್ಟಿಗೆಯಲ್ಲಿತ್ತಂತೆ. ಒಂದು ಬೆಳಗ್ಗೆ ಅದು ಕೈಕೊಟ್ಟಿತು. ಹಿಂದಿನ ದಿನದವರೆಗಿನದು ಬೇರೆ ಕಡೆ ನಕಲು ಮಾಡಿ ಇಟ್ಟಿದ್ದರಿಂದ ಸಿಕ್ಕಿತು. ಆ ಬೆಳಗಿನದು ಹೋಯಿತು. ಲ್ಯಾಬಿನ ಸ್ಟ್ಯಾಂಡಿನಲ್ಲಿ ರಕ್ತದ ಟ್ಯೂಬುಗಳು ಸಾಲಾಗಿ ನಿಂತಿವೆ, ಮೇಲೆ ನಂಬರಿದೆ, ಆ ನಂಬರು ಯಾರದೆಂದು ಹೇಳುವವರಿಲ್ಲ. ಎಲ್ಲರನ್ನೂ ಮತ್ತೆ ಕರೆದು ಮತ್ತೆ ಚುಚ್ಚಬೇಕಾಯಿತು.

"ನಾ ಲ್ಯಾಬಿಗೆ ಹೋಗಿ ನಿಂತಿದ್ದೆ ತಂಗಿ. ನಾಕೈದು ವರ್ಷದ ಹುಡುಗಿ. ಮೊದಲನೇ ಸಲ ಅತ್ತಿರಲಿಲ್ಲಂತ. ಶಾಣ್ಯಾಕಿ ಅಂತ ಚಾಕಲೇಟ್ ಕೊಟ್ಟಿದ್ರಂತ. ಎರಡನೇ ಸಲ ಕರೆದಾಗ ಆ ಚಾಕಲೇಟ್ ವಾಪಸ್ ಕೊಡಾಕ ಬಂತು, ಚುಚ್ಚಬ್ಯಾಡ್ರಿ ಅಂತ."

ಕನ್ನಡಕವನ್ನು ಇನ್ನಷ್ಟು ಹೊತ್ತು ಒರೆಸಿದರು.

ಅವತ್ತಿನಿಂದ ಅವರಿಗೆ ಹಿಡಿದದ್ದು ಒಂದೇ ಹುಚ್ಚು. ತಾವು ನಿವೃತ್ತರಾಗುವಷ್ಟರಲ್ಲಿ ಆ ಆಸ್ಪತ್ರೆಯಲ್ಲಿ ಯಂತ್ರ ಮರೆಯಿತೆಂಬ ಕಾರಣಕ್ಕೆ ಯಾರಿಗೂ ಎರಡನೇ ಸೂಜಿ ಬೀಳಬಾರದು. ಅದಕ್ಕೆ ಎರಡು ಸರ್ವರ್ ಬೇಕು, ಎರಡೂ, ಬರೆದದ್ದನ್ನೆಲ್ಲ ಒಳಗೇ ಜೋಡಿ ಡಿಸ್ಕುಗಳಲ್ಲಿ ಇಡುವ ಒಂದೇ ಹೊಸ ಪೆಟ್ಟಿಗೆಗೆ ಜೋಡಿಸಿರಬೇಕು. ಒಂದು ಕೆಲಸ ಮಾಡುತ್ತಿರುತ್ತದೆ, ಇನ್ನೊಂದು ಎಚ್ಚರವಾಗಿ ಕಾಯುತ್ತಿರುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಅದೇ ಡಿಸ್ಕನ್ನು ಕೈಗೆ ತೆಗೆದುಕೊಂಡು ಅದೇ ಸಾಲಿನಿಂದ ಮುಂದುವರಿಸುತ್ತದೆ. ಕೇಳಲು ಸುಲಭವಾಗಿದೆಯಲ್ಲ ಎಂದೆ ನಾನು.

"ಕೇಳಾಕ ಸುಲಭ. ನಮ್ಮ ಸಂಪಿನಂಗ" ಎಂದರು.

ನಮ್ಮ ಸಂಪಿನ ಕಥೆ ಇಷ್ಟು. ಕೆಳಗಿನ ಮನೆಯಲ್ಲಿ ಗೌಡ್ರಿದ್ದಾರೆ. ಮಾಗಡಿ ರಸ್ತೆಯ ಆಚೆಗಿನ ಹಳೆಯ ಹಳ್ಳಿಯವರು, ಈಗಲೂ ಸ್ವಲ್ಪ ಜಮೀನಿದೆ, ಬಾಯಿ ಜೋರು, ಮನಸ್ಸು ಬೆಣ್ಣೆ. ಅವರ ಮನೆಗೊಂದು ಮೋಟರು, ಮೇಲಿನ ನಮ್ಮೆರಡು ಮನೆಗೂ ಸೇರಿ ಇನ್ನೊಂದು. ಎರಡೂ ನೀರೆಳೆಯುವುದು ಅಂಗಳದ ನೆಲದಡಿಯ ಒಂದೇ ನೀರಿನ ಸಂಪಿನಿಂದ. ಒಂದು ಗೌರಿಹಬ್ಬದ ಬೆಳಗ್ಗೆ ಗೌಡ್ರು ಮೇಲಿನವರಿನ್ನೂ ಎದ್ದಿಲ್ಲ ಎಂದುಕೊಂಡು ತಮ್ಮ ಮೋಟರು ಹಾಕಿದರು. ಮೇಲಿನಿಂದ ಅಕ್ಕ, ಗೌಡ್ರು ಊರಿಗೆ ಹೋಗಿದ್ದಾರೆ ಎಂದುಕೊಂಡು, ನಮ್ಮದನ್ನೂ ಹಾಕಿದರು. ಸಂಪು ಬರಿದಾಗಿ ಎರಡೂ ಮೋಟರು ಗಾಳಿ ಎಳೆದು ಸುಟ್ಟವು. ಹಬ್ಬದ ದಿನ ಮೂರು ಮನೆಯವರೂ ಎದುರು ರಸ್ತೆಯ ಬೋರ್‌ವೆಲ್ಲಿಗೆ ಬಿಂದಿಗೆ ಹಿಡಿದು ನಿಂತೆವು.

"ನೀವ್ ಹಾಕಿದ್ದು ನಂಗೇನ್ ಕನಸ್ ಬೀಳ್ತದಾ ಮೇಡಂ?" ಎಂದು ಗೌಡ್ರು ಕೂಗಾಡಿದರು.

ಅಕ್ಕ ಮೇಲೆ ಹೋಗಿ ಈ ಸೌಟು ತಂದರು. ಗೋಧಿ ಹುಗ್ಗಿ ತಿರುವಲು ಅವರ ತಾಯಿ ಬಳಸುತ್ತಿದ್ದದ್ದು, ಹಿಡಿ ಬಿರುಕು ಬಿಟ್ಟು ಅಡುಗೆಗೆ ಬಾರದಂತಾಗಿತ್ತು. "ಇದು ಯಾರ ಮನ್ಯಾಗ ಇರ್ತೈತಿ ಅವರಷ್ಟ ಮೋಟರ್ ಹಾಕಬೇಕು. ಮುಗಿದ ಮ್ಯಾಲ ಮುಂದಿನ ಮನೀಗೆ ಕೊಡಬೇಕು. ಇಷ್ಟು ದೊಡ್ಡದಿದ್ರ ಯಾರೂ ಜೇಬಿನ್ಯಾಗ ಇಟ್ಕೊಂಡು ಮರೆಯಂಗಿಲ್ಲ."

ಜೇಬಿನಲ್ಲಿ ಇಟ್ಟುಕೊಂಡು ಮರೆಯಲಿಲ್ಲ, ನಿಜ. ಗೌಡ್ರು ಮನೆಯೊಳಗೇ ಇಟ್ಟು ಬೀಗ ಹಾಕಿ ನೆಂಟರ ನಾಮಕರಣಕ್ಕೆ ಹೊರಟುಹೋದರು. ಸಂಪಿನ ತುಂಬ ಕಾವೇರಿ ನೀರು, ಮೇಲಿನ ಎರಡು ಮನೆಗೆ ಹನಿಯಿಲ್ಲ. ಮೋಟರು ಹಾಕೋಣವೆಂದರೆ ಅವರು ತಮ್ಮದನ್ನು ಆರಿಸಿ ಹೋಗಿದ್ದಾರೋ ಇಲ್ಲವೋ ಯಾರಿಗೆ ಗೊತ್ತು? ಫೋನಿಗೆ ಸಿಗುತ್ತಿಲ್ಲ. ಆಗ ಅಕ್ಕ ಎರಡನೆಯ ನಿಯಮ ಮಾಡಿದರು. ಸೌಟು ಇರುವ ಮನೆಯವರು ಬೆಲ್ಲಿಗೂ ಕೂಗಿಗೂ ದನಿ ಕೊಡದಿದ್ದರೆ, ಮೊದಲು ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ಅವರ ಮೋಟರಿನ ಫ್ಯೂಸು ಕೀಳಬೇಕು. ಆಮೇಲೆಯೇ ನಮ್ಮದು ಹಾಕಬೇಕು.

ಕೆಲವು ದಿನಗಳ ನಂತರ ಇದೇ ನಿಯಮಕ್ಕೆ ಗೌಡ್ರು ಮತ್ತೆ ಸಿಕ್ಕಿಬಿದ್ದರು. ಮೋಟರು ಹಾಕಿ ಟಿವಿಯ ಮುಂದೆ ನಿದ್ದೆ ಹೋಗಿದ್ದರು. ಅಕ್ಕ ಬೆಲ್ಲು ಒತ್ತಿದರು, ಕೂಗಿದರು, ಕಾದರು, ಫ್ಯೂಸು ಕಿತ್ತರು. ಗೌಡ್ರು ಎದ್ದು ಪಂಚೆ ಕಟ್ಟಿಕೊಳ್ಳುತ್ತಾ ಹೊರಗೆ ಬಂದರು.

"ಏನ್ ಮೇಡಂ ಇದು ಅನ್ಯಾಯ! ನಾನ್ ಬದ್ಕಿದೀನಿ ಕಣ್ರೀ!"

"ಬದುಕಿದ್ರ ದನಿ ಕೊಡಬೇಕ್ರಿ ಗೌಡ್ರ. ದನಿ ಕೊಡದವರ ಫ್ಯೂಸ್ ನಾ ಬಿಡಂಗಿಲ್ಲ."

ಈ ಮಾತು ಗೌಡ್ರಿಗೆ ಇಂದಿಗೂ ತಿಳಿಯದ ಜಾಗವೊಂದರಲ್ಲಿ ಉಪಯೋಗಕ್ಕೆ ಬಂತು. ಆಸ್ಪತ್ರೆಯ ಸಭೆಯಲ್ಲಿ ಅಕ್ಕ ತಮ್ಮ ಯೋಜನೆ ಇಟ್ಟಾಗ ಹಿರಿಯ ಡಾಕ್ಟರೊಬ್ಬರು ತಡೆದರಂತೆ. ಎರಡು ಸರ್ವರುಗಳ ನಡುವಿನ ಮಾತು ನಿಂತರೆ, ಎರಡನೆಯದು ಮೊದಲನೆಯದರ ಕರೆಂಟು ತೆಗೆದು ಆಮೇಲೆ ಡಿಸ್ಕನ್ನು ತಾನು ಹಿಡಿಯಬೇಕು ಎಂದು ಅಕ್ಕ ಬರೆದಿದ್ದರು. "ಮೊದಲನೆಯದು ಸತ್ತಿರದೆ ಸುಮ್ಮನೆ ತಡಮಾಡುತ್ತಿದ್ದರೆ? ಬದುಕಿರೋದನ್ನ ಕೊಲ್ಲೋದು ಎಲ್ಲಿಯ ನ್ಯಾಯ?" ಎಂಬುದು ಡಾಕ್ಟರ ಪ್ರಶ್ನೆ. ಅಕ್ಕ ಗೌಡ್ರ ಫ್ಯೂಸಿನ ಕಥೆ ಹೇಳಿದರು. ಎರಡು ಸರ್ವರೂ ತಾವೇ ಯಜಮಾನರೆಂದುಕೊಂಡು ಒಂದೇ ಡಿಸ್ಕಿನಲ್ಲಿ ಬರೆಯತೊಡಗಿದರೆ ಒಬ್ಬರ ರಕ್ತದ ಗುಂಪಿನ ಮೇಲೆ ಇನ್ನೊಬ್ಬರದು ಕೂತುಬಿಡುತ್ತದೆ ಎಂದರು. ಡಾಕ್ಟರು, "ಆ ಗೌಡ್ರಿಗೆ ನನ್ನ ನಮಸ್ಕಾರ ಹೇಳಿ" ಎಂದರಂತೆ.

ಆ ನಮಸ್ಕಾರವನ್ನು ಅಕ್ಕ ತಲುಪಿಸಲಿಲ್ಲ. "ತಲುಪಿಸಿದ್ರ ಅವರನ್ನ ಹಿಡಿಯೋರ್ಯಾರು?"

ಅವರ ತಲೆಯಲ್ಲಿ ಈ ಯೋಜನೆ ಎಲ್ಲೆಲ್ಲಿ ಓಡುತ್ತಿತ್ತೆಂದು ಹೇಳಲಾಗದು. ವಿಜಯನಗರದ ಛತ್ರವೊಂದರಲ್ಲಿ ನನ್ನ ನಾದಿನಿಯ ಮಗಳ ಮದುವೆ. ಊಟ ಬಡಿಸಿಕೊಳ್ಳುವ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಬಿಸಿಬೇಳೆಬಾತಿನ ಪಾತ್ರೆ ಸ್ನಾನದ ತೊಟ್ಟಿಯಷ್ಟಿದೆ, ಬಡಿಸುವವನು ಒಬ್ಬನೇ. ಅಕ್ಕ ತಟ್ಟೆ ಹಿಡಿದು ನಿಂತವರು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದರು. "ನೋಡ್ ತಂಗಿ, ಎಲ್ಲಾರೂ ನನಗ ಪಾತ್ರಿ ಎಷ್ಟು ದೊಡ್ಡದು ಬೇಕು ಅಂತ ಕೇಳ್ತಾರ. ಒಂದ ಸಲಕ್ಕ ಎಷ್ಟು ಮಂದಿ ಬಂದು ನಿಲ್ತಾರ ಅಂತ ಒಬ್ರೂ ಕೇಳಂಗಿಲ್ಲ." ಹಿಂದಿದ್ದ ಹೆಂಗಸು ಏನಾಯಿತೋ ಎಂದು ಹೆದರಿ ನೋಡಿದಳು. ಮರುದಿನ ಅಕ್ಕ ಬೆಳಗಿನ ಒಂಬತ್ತರಿಂದ ಲ್ಯಾಬಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರಂತೆ, ಯಾವ ಹೊತ್ತಿಗೆ ಎಷ್ಟು ಜನ ಒಮ್ಮೆಗೇ ಡಿಸ್ಕಿಗೆ ಕೈಹಾಕುತ್ತಾರೆಂದು ನೋಡಲು. ಜಾಗ ಸ್ವಲ್ಪ ಕಡಿಮೆ ಮಾಡಿ ವೇಗದ ಡಿಸ್ಕು ತರಿಸಿದ್ದು ಆಮೇಲೆ.

ಎಲ್ಲವೂ ಸರಿಹೋಯಿತು ಎನ್ನುವಾಗ ಹೊಂಗೆಮರ ಬಿತ್ತು. ಪೂರ್ತಿ ಮರವಲ್ಲ, ನಮ್ಮ ರಸ್ತೆಯ ಮೂಲೆಯ ಮರದ ದೊಡ್ಡ ಕೊಂಬೆ, ಒಂದು ಸಂಜೆಯ ಗಾಳಿಗೆ. ಗೌಡ್ರ ಮನೆಯ ಇಂಟರ್ನೆಟ್ಟು ಹೋಯಿತು, ಅಕ್ಕನದೂ ಹೋಯಿತು. ಅಕ್ಕ ಬೇರೆ ಕಂಪನಿಯದು ಹಾಕಿಸಿದ್ದರು. ಗೌಡ್ರದು ಕೆಟ್ಟರೆ ತಮ್ಮದು, ತಮ್ಮದು ಕೆಟ್ಟರೆ ಗೌಡ್ರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು.

"ಬೇರೆ ಬೇರೆ ಕಂಪನಿ ಅಂದ್ರಿ, ಎರಡೂ ಹೋಯ್ತಲ್ಲ ಕಂಪ್ಯೂಟರಮ್ಮ?" ಎಂದು ಗೌಡ್ರು ಕಿಚಾಯಿಸಿದರು.

ಅಕ್ಕ ಮರದ ಕೆಳಗೆ ಹೋಗಿ ನಿಂತು ಮೇಲೆ ನೋಡಿದರು. ಎರಡು ಕಂಪನಿಯ ಎರಡು ಕೇಬಲ್ಲೂ ಆ ಒಂದೇ ಕೊಂಬೆಗೆ ಸುತ್ತಿಕೊಂಡು ಬಂದಿದ್ದವು. ಗೌಡ್ರು ಇನ್ನೇನೋ ಹೇಳುತ್ತಿದ್ದರು, ಅಕ್ಕನ ಮುಖ ನೋಡಿ ನಿಲ್ಲಿಸಿದರು. ಮನೆಯಲ್ಲುಡುವ ಸೀರೆಯಲ್ಲೇ, ಮೇಲೊಂದು ಸ್ವೆಟರ್ ಏರಿಸಿಕೊಂಡು ಅವರು ಸ್ಕೂಟರ್ ಹತ್ತಿದರು.

ಆಸ್ಪತ್ರೆಯಲ್ಲಿ ಸರ್ವರಿನಿಂದ ಡಿಸ್ಕಿಗೆ ಎರಡು ದಾರಿ ಇರಬೇಕೆಂದು ಅವರು ಎರಡೆರಡು ಕೇಬಲ್ ಹಾಕಿಸಿದ್ದರು. ನಕ್ಷೆಯಲ್ಲಿ ಎರಡೂ ಬೇರೆ ಬೇರೆ. ಹೋಗಿ ಸೀಲಿಂಗಿನ ಹಲಗೆ ಸರಿಸಿ ಟಾರ್ಚು ಬಿಟ್ಟರೆ ಎರಡೂ ಒಂದೇ ಪೈಪಿನೊಳಗೆ ಅಣ್ಣತಮ್ಮಂದಿರಂತೆ ಅಂಟಿಕೊಂಡು ಮಲಗಿದ್ದವು. ಕೆಲಸದವರು ಒಂದು ಪೈಪಿನ ಖರ್ಚು ಉಳಿಸಿದ್ದರು. ಅಕ್ಕನೂ ನಕ್ಷೆ ನೋಡಿ ಸಹಿ ಹಾಕಿದ್ದರು. ಅದೊಂದು ಪೈಪಿಗೆ ಇಲಿ ಬಾಯಿ ಹಾಕಿದ್ದರೆ ಎರಡು ಸರ್ವರೂ ಡಿಸ್ಕಿಲ್ಲದೆ ಕಣ್ಣುಬಿಟ್ಟುಕೊಂಡು ಕೂರುತ್ತಿದ್ದವು.

ಆ ಪೆಟ್ಟು ಅವರಿಗೆ ಜೋರಾಗಿ ತಗುಲಿತು. ಮರುದಿನ ರೊಟ್ಟಿಯ ಸದ್ದು ಬರಲಿಲ್ಲ. ನಾನು ಎರಡು ದೋಸೆ ತೆಗೆದುಕೊಂಡು ಮೇಲೆ ಹೋದೆ.

"ಊರಿಗೆಲ್ಲಾ ಸೌಟು ಫ್ಯೂಸು ಅಂತ ಪಾಠ ಹೇಳ್ದೆ. ನನ್ನ ತಂತಿ ನಾ ನೋಡ್ಲಿಲ್ಲ" ಎಂದರು.

"ಈಗ ನೋಡಿದ್ರಲ್ಲ ಅಕ್ಕ."

"ಮರ ಬಿದ್ದು ತೋರಿಸ್ಬೇಕಾತು." ದೋಸೆ ಮುರಿದು ಬಾಯಿಗಿಟ್ಟು, "ಚಟ್ನಿಗೆ ಉಪ್ಪು ಕಡಿಮಿ ಆಗೇತಿ" ಎಂದರು. ಸರಿಹೋದರು ಎಂದುಕೊಂಡೆ.

ಎರಡನೆಯ ಕೇಬಲ್ಲಿಗೆ ಬೇರೆ ದಾರಿ ಮಾಡಲು ಎಕ್ಸ್‌ರೇ ಕೋಣೆಯ ಗೋಡೆ ಕೊರೆಯಬೇಕಿತ್ತು. ಅದಕ್ಕೆ ಒಪ್ಪಿಗೆ, ಕೆಲಸ, ಮತ್ತೆ ಪರೀಕ್ಷೆ ಎಂದು ದಿನಗಳು ಜಾರಿದವು. ಅವರ ನಿವೃತ್ತಿಯ ತಿಂಗಳೇ ಬಂತು. ಭಾನುವಾರಗಳಂದು, ಲ್ಯಾಬು ಖಾಲಿಯಿದ್ದಾಗ, ಕರೆಂಟು ಕಿತ್ತು ನೋಡಿದ್ದರು, ಎರಡನೆಯ ಸರ್ವರ್ ಎದ್ದಿತ್ತು. ಅಷ್ಟು ಸಾಕಲ್ಲವೇ ಎಂದರು ಆಸ್ಪತ್ರೆಯ ಮೇಲಧಿಕಾರಿಗಳು. ಅಕ್ಕ ಒಪ್ಪಲಿಲ್ಲ. ಜನ ತುಂಬಿರುವ ದಿನ, ಎಲ್ಲ ಕೌಂಟರಿನಲ್ಲೂ ಕೈಬರಹದ ಚೀಟಿ ಸಿದ್ಧವಾಗಿಟ್ಟುಕೊಂಡು, ಡಾಕ್ಟರುಗಳಿಗೆ ಮೊದಲೇ ತಿಳಿಸಿ, ತಾವು ಇರುವಾಗಲೇ ಕೀಳಬೇಕು ಎಂದು ಹಠ ಹಿಡಿದರು. "ಖಾಲಿ ಮನ್ಯಾಗ ಯಾರ ಬೇಕಾದ್ರೂ ಶಾಣ್ಯಾ. ಈಗ ಸೋತ್ರ ರಿಪೇರಿ ಮಾಡಾಕ ನಾ ಇರ್ತೀನಿ. ನಾ ಹೋದ ಮ್ಯಾಲ ಸೋತ್ರ, ಹೆದರಿ ಹಳೇ ಪೆಟ್ಟಿಗೀಗೆ ವಾಪಸ್ ಹೋಗ್ತಾರ."

ಹೀಗೆ ನಿಗದಿಯಾದದ್ದು ರೊಟ್ಟಿಯ ಸದ್ದು ನಿಲ್ಲದ ಆ ದಿನ.

ಹನ್ನೊಂದಕ್ಕೆ ನಾನು ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಸೌಟು ಮಡಿಲ ಪಕ್ಕದಲ್ಲೇ ಇತ್ತು. ಕಾಳು ಚಿಮ್ಮಿ ಸೋಫಾದ ಕೆಳಗೆ ಹೋದವು, ಎದ್ದು ಆರಿಸಿಕೊಳ್ಳುವ ಮನಸ್ಸಾಗಲಿಲ್ಲ. ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಯಾರ ಮನೆಯಲ್ಲಾದರೂ ಕಾಯಿಲೆಯಾದರೆ ಸಿಸ್ಟರ್ ನಮ್ಮನ್ನೆಲ್ಲ ಕಣ್ಣು ಮುಚ್ಚಿ ಕೂರಿಸುತ್ತಿದ್ದರು. ಹಾಗೇ ಒಂದು ಗಳಿಗೆ ಕಣ್ಣು ಮುಚ್ಚಿದೆ. ಸರ್ವರಿಗಾಗಿ ಪ್ರಾರ್ಥನೆ ಮಾಡಬಹುದೋ ಇಲ್ಲವೋ ತಿಳಿಯದು, ಆ ಚಾಕಲೇಟಿನ ಹುಡುಗಿಯನ್ನು ನೆನೆದು ಮಾಡಿದೆ.

ಹನ್ನೆರಡಾಯಿತು, ಊಟದ ಹೊತ್ತಾಯಿತು, ಫೋನು ಬರಲಿಲ್ಲ. ಮಾಡಲು ಕೈ ಬರಲಿಲ್ಲ. ಕೆಟ್ಟಿದ್ದರೆ ಅವರು ಯಾವ ಸಂಕಟದಲ್ಲಿರುತ್ತಾರೋ. ಮಕ್ಕಳು ಬಂದು "ಮೇಲಿನ ಆಂಟಿ ಗೆದ್ರಾ?" ಎಂದು ಕೇಳಿದಾಗ "ಓದ್ಕೊಳ್ಳಿ ಹೋಗಿ" ಎಂದು ಸಿಡುಕಿದೆ. ತಾರಸಿಗೆ ಹೋದರೆ ಅವರ ಒಗೆದ ಸೀರೆ ಇನ್ನೂ ತಂತಿಯ ಮೇಲಿತ್ತು. ಮಡಿಸಿ ತಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಲ್ಲಾಯಿತು. ಓಡಿದೆ. ಗೌಡ್ರು. ಕೈಯಲ್ಲಿ ಲ್ಯಾಬಿನ ಕವರು.

"ಏನಮ್ಮಾ, ಇಂಗ್ಲಿಷ್ನಲ್ಲಿ ಏನೇನೋ ಬರ್ದವ್ರೆ, ಸ್ವಲ್ಪ ನೋಡು. ಕೊಬ್ಬು ಜಾಸ್ತಿ ಆಗೈತಾ ಅಂತ."

ಕವರಿನ ಮೇಲೆ ಅಕ್ಕನ ಆಸ್ಪತ್ರೆಯ ಹೆಸರಿತ್ತು.

"ಗೌಡ್ರೇ, ನೀವು ಇವತ್ತೇ ಹೋಗಿದ್ರಾ? ಎಷ್ಟೊತ್ತಿಗೆ?"

"ಬೆಳಗ್ಗೆ ಹೊಟ್ಟೆಗಿಲ್ದೆ ಹೋಗಿ ರಕ್ತ ಕೊಟ್ಟೆ. ತಿಂಡಿ ತಿಂದು ಬಂದು ಮಧ್ಯಾಹ್ನದವರ್ಗೂ ಅಲ್ಲೇ ಕೂತಿದ್ದೆ, ರಿಪೋರ್ಟು ಈಸ್ಕೊಂಡೇ ಹೋಗವಾ ಅಂತ. ಯಾಕಮ್ಮ?"

ಆಗಲೇ ಗೇಟಿನ ಸದ್ದಾಯಿತು. ಅಕ್ಕ ಮೆಟ್ಟಿಲು ಹತ್ತಿ ಬರುತ್ತಿದ್ದರು. ರೊಟ್ಟಿಯ ಬಟ್ಟೆ ಖಾಲಿಯಾಗಿ ಭುಜದ ಮೇಲಿತ್ತು. ಮುಖ ಸೋತಿತ್ತು, ಆದರೆ ಕಣ್ಣು ನೋಡಿದ ಕೂಡಲೇ ನನಗೆ ಅರ್ಧ ಉಸಿರು ಬಂತು. "ಗಮನ ಬ್ಯಾರೆ ಕಡೆ ಹೋಗಬಾರದಂತ ಸಂಜೀತನಕ ಫೋನ್ ಅಲ್ಲೇ ರೂಮಿನ್ಯಾಗ ಲಾಕ್ ಮಾಡಿಟ್ಟಿದ್ರು ತಂಗಿ. ಎಲ್ಲಾರದೂ" ಎಂದವರು ಗೌಡ್ರ ಕೈಯ ಕವರು ನೋಡಿ ಅರ್ಧ ಮೆಟ್ಟಿಲಲ್ಲೇ ನಿಂತರು.

"ಮಾನಿಟರ್ ಹೇಳ್ತು, ಎಲ್ಲಾ ಸರಿ ಐತಿ ಅಂತ. ನನಗ ಅದು ಸಾಲ್ದು" ಎಂದು ನನಗೆ ಮೆಲ್ಲಗೆ ಹೇಳಿ, ಕನ್ನಡಕ ತೆಗೆದು ಬಟ್ಟೆಯಿಂದ ಒರೆಸುತ್ತಾ ಗೌಡ್ರನ್ನು ಕೇಳಿದರು: "ಗೌಡ್ರ, ಹನ್ನೊಂದರ ಸುಮಾರಿಗೆ ಅಲ್ಲಿ ಏನಾದ್ರೂ ಗದ್ದಲ ಆತೇನ್ರಿ?"

"ಗದ್ದಲಾನಾ? ಟೀ ಬಂತು, ಕುಡಿದ್ವಿ. ಆ ಕೌಂಟರ್ ಹುಡುಗಿ ಒಂದ್ ಗಳಿಗೆ ಸುಮ್ನೆ ಪರದೆ ನೋಡ್ಕಂಡ್ ಕೂತಿದ್ಲು, ಆಮೇಲೆ ಮುಂದಿನ್ ಟೋಕನ್ ಕೂಗಿದ್ಲು. ಅಷ್ಟೇಯ."

"ಮತ್ತ... ಎರಡನೇ ಸಲ ಯಾರಿಗಾದ್ರೂ ಚುಚ್ಚಿದ್ರಾ? ನಿಮಗ ಚುಚ್ಚಿದ್ರಾ?"

ಗೌಡ್ರು ಇವರಿಗೆ ತಲೆ ಕೆಟ್ಟಿದೆಯೇ ಎಂಬಂತೆ ನನ್ನ ಕಡೆ ನೋಡಿದರು.

"ಯಾಕ್ ಚುಚ್ತಾರೆ ಮೇಡಂ? ಬೆಳಗ್ಗೆ ಕೊಟ್ಟಿದ್ದೇ ಇತ್ತಲ್ಲ! ಹೋಗ್ಲಿ ಬಿಡಿ, ನಾಳೆ ಕಾವೇರಿ ಬರ್ತದೆ, ಸೌಟು ಯಾರ್ ಮನೇಲೈತೆ ಅದ್ ಹೇಳಿ ಮೊದ್ಲು."